ದ್ರಾಕ್ಷಿ ತೋಟದಲ್ಲಿ ಚರಗ

ಕಟ್, ಕಟ್, ಕಟಕ್.

ಕಣ್ಣು ಬಿಡುವ ಮೊದಲೇ ಆ ಸದ್ದು ಕಿವಿಗೆ ಬಿದ್ದಿತ್ತು. ಒಂದು ಕಡೆಯಿಂದ ಅಲ್ಲ, ಸುತ್ತಲೂ. ಒಂದು ನಿಂತರೆ ಇನ್ನೊಂದು, ಅದು ನಿಲ್ಲುವುದರೊಳಗೆ ಮತ್ತೊಂದು. ಅರೆನಿದ್ದೆಯಲ್ಲಿ ನಾನು ಕಾನ್ವೆಂಟಿನ ನೀಡಲ್‌ವರ್ಕ್ ಕ್ಲಾಸಿನಲ್ಲಿದ್ದೆ. ಬೆಂಚಿನ ತುಂಬ ಹುಡುಗಿಯರು, ಎಲ್ಲರ ಕೈಯಲ್ಲೂ ಉಲ್ಲನ್ ಹೆಣೆಯುವ ಸೂಜಿ, ಸೂಜಿಗೆ ಸೂಜಿ ತಾಗುವ ಸಣ್ಣ ಸದ್ದು. ಸಿಸ್ಟರ್ ಸಾಲುಗಳ ನಡುವೆ ಓಡಾಡುತ್ತ, "ನೋ ಟಾಕಿಂಗ್, ಗರ್ಲ್ಸ್, ಲೆಟ್ ದಿ ನೀಡಲ್ಸ್ ಟಾಕ್" ಅನ್ನುತ್ತಿದ್ದರು. ಆಮೇಲೆ ಪಕ್ಕದ ಬರ್ತಿನಿಂದ ಅಕ್ಕನ ದನಿ ಬಂತು.

"ಎದ್ದೀ ಏನ? ಮಂದಿ ಕೆಲಸಕ್ಕ ಹತ್ಯಾರ. ನೀ ಇನ್ನಾ ಮೇಮ್‌ಸಾಬರ ಹಂಗ ಮಲಗಿ."

ಪರದೆ ಸರಿಸಿದೆ. ನಮ್ಮ ಮೋಟರ್‌ಹೋಮಿನ ಕಿಟಕಿಯ ಆಚೆ, ನಾಶಿಕದ ಹತ್ತಿರದ ನಿಫಾಡದ ಒಂದು ದ್ರಾಕ್ಷಿ ತೋಟದಲ್ಲಿ, ಹೆಂಗಸರು ತಲೆಗೆ ರುಮಾಲು ಕಟ್ಟಿಕೊಂಡು ಸಾಲುಸಾಲಾಗಿ ನಿಂತು ಕತ್ತರಿಯಿಂದ ಬಳ್ಳಿಗಳನ್ನು ಕತ್ತರಿಸುತ್ತಿದ್ದರು. ಎಲೆಯಿಲ್ಲ, ಹಣ್ಣಿಲ್ಲ. ತಂತಿಯ ಮೇಲೆ ಹಬ್ಬಿದ ಒಣ ಕಡ್ಡಿಗಳು ಮಾತ್ರ. ದ್ರಾಕ್ಷಿ ಸೀಮೆಗೆ ಬಂದು ನಾವು ನೋಡುತ್ತಿದ್ದದ್ದು ಬರೀ ಕಡ್ಡಿ.

ಅದು ಸೀಗಿ ಹುಣ್ಣಿಮೆಯ ಬೆಳಗು. ಆ ಸಲದ ತಿರುಗಾಟವೆಲ್ಲ ಅಕ್ಕನ ಮಟ್ಟಿಗೆ ಆ ಒಂದು ಬೆಳಗಿನ ಸಲುವಾಗಿಯೇ ಇತ್ತು.

ಅಕ್ಕ ಅಂದರೆ ನನ್ನ ಒಡಹುಟ್ಟಿದವರಲ್ಲ. ನನ್ನ ಯಜಮಾನರ ಅಣ್ಣನ ಹೆಂಡತಿ, ನನ್ನ ನೆಗೆಣ್ಣಿ. ಬಿಜಾಪುರದ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಅದೇ ಕಡೆಯ ಇನ್ನೊಂದು ಹಳ್ಳಿಗೆ ಸೊಸೆಯಾಗಿ, ಆಮೇಲೆ ಗಂಡನ ಬೆನ್ನು ಹತ್ತಿ ನಾಶಿಕಕ್ಕೆ ಬಂದವರು. ಭಾವನವರದು ಇಲ್ಲಿ ನೀರೆತ್ತುವ ಮೋಟರಿನ ಅಂಗಡಿ. ನಮ್ಮವರು ಬ್ಯಾಂಕಿನಲ್ಲಿ, ಟ್ರಾನ್ಸ್‌ಫರ್ ಮೇಲೆ ಟ್ರಾನ್ಸ್‌ಫರ್ ಆಗಿ ಕೊನೆಗೆ ಅಣ್ಣನಿದ್ದ ಊರಿಗೇ ಬಂದು ನೆಲೆ ನಿಂತರು. ಒಂದೇ ಬಿಲ್ಡಿಂಗಿನಲ್ಲಿ ಕೆಳಗೆ ನಾನು, ಮೇಲೆ ಅಕ್ಕ. ಅಣ್ಣತಮ್ಮಂದಿರು ಇಬ್ಬರೂ ಈಗಿಲ್ಲ. ಅಕ್ಕನೂ ಈಗಿಲ್ಲ, ಈ ಬರೆಹ ಅದಕ್ಕಾಗಿಯೇ.

ನಮ್ಮಿಬ್ಬರದು ವಿಚಿತ್ರ ಜೋಡಿ. ನಾನು ಫೋರ್ಕಿನಿಂದ ಉಪ್ಪಿಟ್ಟು ತಿನ್ನುವವಳು. ಅಕ್ಕ ನನ್ನನ್ನು ಹೊಸದರಲ್ಲಿ, ಮರಾಠಿ ಹೆಂಗಸರಿಗೆ ಅನ್ನುವ ಹಾಗೆ, "ಇಂಗ್ಲಿಷ್ ಬಾಯಿ" ಅಂತ ಕರೆದರು, ಹಳೆಯದಾದ ಮೇಲೂ ಹಾಗೆಯೇ ಕರೆದರು. ಅವರ ಮರಾಠಿ ಅಂಗಡಿಯ ಗಲ್ಲೆಯ ಮೇಲೆ ಕಲಿತದ್ದು: ಪೈಪು, ವಾಶರ್, ಉದ್ಯಾ ಯಾ, ನಾಳೆ ಬನ್ನಿ. ನನ್ನ ಮರಾಠಿ ಪೇಪರ್ ಓದಿ ಕಲಿತದ್ದು, ಯಾರಿಗೂ ಅರ್ಥವಾಗದಷ್ಟು ಪ್ರಾಪರ್.

ಭಾವನವರು ಇರುವವರೆಗೆ ಪ್ರತಿವರ್ಷ ಸೀಗಿ ಹುಣ್ಣಿಮೆಗೆ ಅವರಿಬ್ಬರೂ ಊರಿಗೆ ಹೋಗುತ್ತಿದ್ದರು. ನಮ್ಮ ಕಡೆ ಆ ಹೊತ್ತಿಗೆ ಸಜ್ಜೆ, ಜೋಳ ತೆನೆಗಟ್ಟುತ್ತಿರುತ್ತವೆ. ಭೂಮಿ ಬಸುರಿ, ಅವಳಿಗೆ ಬಯಕೆಯ ಊಟ ಹಾಕಬೇಕು ಅನ್ನುವುದು ಲೆಕ್ಕ. ಕಡುಬು, ಹೋಳಿಗೆ, ಪಲ್ಯ, ಅನ್ನ ಎಲ್ಲ ಮಾಡಿ ಬುಟ್ಟಿಯಲ್ಲಿ ಹೊತ್ತು ಹೊಲಕ್ಕೆ ಹೋಗಿ, ಒಂದಿಷ್ಟನ್ನು ಕಲಸಿ ಬೆಳೆಯ ನಡುವೆ ಚೆಲ್ಲುತ್ತ ನಡೆಯುವುದು, ಅದೇ ಚರಗ. ಮುಂದೆ ಹೋಗುವವರು ಚೆಲ್ಲುತ್ತ "ಹುಲ್ಲುಲ್ಲಿಗೋ" ಅಂತ ಕೂಗಬೇಕು. ಹಿಂದಿನವರು ತಂಬಿಗೆಯ ನೀರು ಚಿಮುಕಿಸುತ್ತ "ಚಲ್ಲಂಬ್ರಿಗೋ" ಅನ್ನಬೇಕು. ಉಣಿಸಿದ ಮೇಲೆ ನೀರು ಕೊಡಬೇಕಲ್ಲ. ಅಕ್ಕನ ಹಿಂದೆ ತಂಬಿಗೆ ಹಿಡಿದು ನಡೆಯುತ್ತಿದ್ದವರು ಭಾವನವರು.

ಅವರು ಹೋದ ಮೇಲೆ ಹೊಲ ಮಾರಾಟವಾಯಿತು. ಅಕ್ಕ ಅದರ ಬಗ್ಗೆ ಹೆಚ್ಚು ಮಾತಾಡಲಿಲ್ಲ. ಆದರೆ ಹುಣ್ಣಿಮೆ ಬಂದಾಗ ಬಾಲ್ಕನಿಯ ಕುಂಡಗಳಿಗೆ ಚರಗ ಹಾಕಿದರು. ಪಾರಿವಾಳಗಳ ದಂಡು ಬಂತು, ಪಕ್ಕದ ಮನೆಯವರು ಸೊಸೈಟಿಯ ವಾಟ್ಸಾಪಿನಲ್ಲಿ ಫೋಟೋ ಹಾಕಿದರು. ಮರುವರ್ಷ ನಾನೇ ಕೇಳಿದೆ, "ಈ ಸಲ ಕುಂಡಕ್ಕ ಹಾಕೂದಿಲ್ಲೇನ್ರಿ ಅಕ್ಕಾ?"

"ಕುಂಡದಾಗ ಏನೈತಿ? ಮನಿ ಪ್ಲ್ಯಾಂಟ. ಅದು ಯಾವಾಗ ಬಸುರಾಗಬೇಕು, ಯಾವಾಗ ಹಡೀಬೇಕು?" ಅಂದು ಒಳಗೆ ಹೋದರು.

ಆ ವರ್ಷ ಅವರ ಎದೆಯ ತೊಂದರೆ ಹೆಚ್ಚಿತು. ಕಾಲು ಬಾವು, ಮೆಟ್ಟಿಲು ಹತ್ತಿದರೆ ಏದುಸಿರು. ಸಂಭಾಜಿನಗರದಲ್ಲಿ, ಅಂದರೆ ಹಿಂದಿನ ಔರಂಗಾಬಾದಿನಲ್ಲಿ, ಇದ್ದ ಮಗಳು ತನ್ನ ಮನೆಗೇ ಬಂದುಬಿಡು ಅಂದಳು. ಅಲ್ಲಿ ಲಿಫ್ಟಿದೆ, ದೊಡ್ಡ ಡಾಕ್ಟರಿದ್ದಾರೆ, ಅಳಿಯ ಒಳ್ಳೆಯವನು. ಬೇಡ ಅನ್ನಲು ಕಾರಣವೇ ಇರಲಿಲ್ಲ. ಅಕ್ಕ ಹೂಂ ಅಂದರು. ಒಂದೇ ಮಾತು ಕೂಡಿಸಿದರು.

"ಹೋಗೂದರಾಗ ಒಮ್ಮೆ ಖರೇ ಹೊಲದಾಗ ಚರಗ ಚೆಲ್ಲಬೇಕು ನೋಡ. ಆರನೇ ಮಜಲಿಗೆ ಹೋಗಿ ಕುಂತ ಮ್ಯಾಲ ನೆಲ ಎಲ್ಲಿಂದ ತರ್ಲಿ?"

ಇದು ಮೊಮ್ಮಗಳ ಕಿವಿಗೆ ಬಿತ್ತು. ನನ್ನ ಮೊಮ್ಮಗಳು ನಾಶಿಕದಲ್ಲೇ ಅಂಬಡದ ಒಂದು ಕಾರ್ಖಾನೆಯಲ್ಲಿ ಗಾಡಿಯ ಬಿಡಿಭಾಗಗಳ ಡಿಸೈನ್ ಮಾಡುತ್ತಾಳೆ. ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಪೂರಾ ತಿಳಿಯುತ್ತದೆ, ಮಾತಾಡಲು ಹೋದರೆ ಅರ್ಧದಾರಿಯಲ್ಲಿ ಮರಾಠಿ ಕೈಹಿಡಿಯುತ್ತದೆ. ಆ ದಿನಗಳಲ್ಲಿ ಅವಳೂ ಗೆಳತಿಯೂ ಸೇರಿ ಸುತ್ತಲಿನ ರೈತರ, ತಿನಿಸು ತಯಾರಿಸುವವರ ಮಾಲನ್ನು ಡಬ್ಬಿಯಲ್ಲಿಟ್ಟು ಮಾರುವ ಪ್ಲ್ಯಾನ್ ಹಾಕಿದ್ದರು. ಅದಕ್ಕಾಗಿ ತೋಟ ತೋಟ ಸುತ್ತಬೇಕಿತ್ತು.

"ಸಿಂಪಲ್," ಅಂದಳು. "ಮೋಟರ್‌ಹೋಮ್ ರೆಂಟ್ ಮಾಡ್ತೀನಿ. ಬೆಡ್ ಇರ್ತದ, ಟಾಯ್ಲೆಟ್ ಇರ್ತದ, ದೊಡ್ಡಜ್ಜಿಗೆ ಏಕ್‌ದಮ್ ಕಂಫರ್ಟೇಬಲ್. ಸಿನ್ನರ್, ನಿಫಾಡ್ ಕರ್ತಾ ಕರ್ತಾ ಸಂಭಾಜಿನಗರ್‌ಗೆ ಡ್ರಾಪ್. ಕೋಜಾಗಿರಿ ದಿನ ನಾವು ನಿಫಾಡ್‌ನಾಗ ದ್ರಾಕ್ಷಿ ತೋಟದಾಗ ಇರ್ತೀವಿ. ಅಲ್ಲೇ ಮಾಡ್ರಿ ನಿಮ್ಮ ಚರಗ."

ಮರಾಠಿಯವರ ಕೋಜಾಗಿರಿ, ನಮ್ಮ ಸೀಗಿ ಹುಣ್ಣಿಮೆ, ಎರಡೂ ಒಂದೇ ಚಂದ್ರ.

"ಹೊಲದವರನ್ನ ಕೇಳಬೇಕವಾ," ಅಂದರು ಅಕ್ಕ. "ಅವರು ಹೂಂ ಅಂದರಷ್ಟ. ಮಂದಿ ಹೊಲದಾಗ ಹಂಗ ಕಾಲಿಡಾಂಗಿಲ್ಲ."

"ಪರ್ಮಿಷನ್ ನನ್ನ ಡಿಪಾರ್ಟ್‌ಮೆಂಟ್, ದೊಡ್ಡಜ್ಜಿ. ಚಿಲ್."

ಮೊದಲ ನಿಲುಗಡೆ ಸಿನ್ನರ್ ದಾಟಿ ಒಂದು ಮೇಕೆ ಸಾಕುವ ಜಾಗ. ಕಾರ್ಖಾನೆಯ ಶೆಡ್ಡುಗಳು ಮುಗಿದು ಬೋಳು ಗುಡ್ಡ ಶುರುವಾಗುವಲ್ಲಿ ಗಂಡಹೆಂಡತಿ ಇಬ್ಬರು ಮೇಕೆ ಹಾಲಿನ ಚೀಸ್ ಮಾಡುತ್ತಿದ್ದರು. ಹಲಗೆಯ ಮೇಲೆ ತೆಳ್ಳಗೆ ಕೊಯ್ದಿಟ್ಟು, ಇದು ಎಷ್ಟು ತಿಂಗಳದ್ದು, ಇದಕ್ಕೆ ಬೂದಿ ಯಾಕೆ ಸವರಿದ್ದೇವೆ ಅಂತ ಬಹಳ ಪ್ರೀತಿಯಿಂದ ವಿವರಿಸಿದರು. ನಾನು "ಹೌ ಇಂಟರೆಸ್ಟಿಂಗ್" ಅಂದೆ. ನಿಜಕ್ಕೂ ರುಚಿಯಾಗಿತ್ತು. ಅಕ್ಕ ಒಂದು ಚೂರು ಬಾಯಿಗಿಟ್ಟು, ಅವರ ಮುಖ ನೋಡುತ್ತ ಮರ್ಯಾದೆಯಿಂದ ನುಂಗಿದರು. ಗಾಡಿಗೆ ಹತ್ತಿದ ಮೇಲೆ ಅಂದರು:

"ನಮ್ಮ ಅತ್ತಿ ಹಿಂಗ ಹಾಲು ಕೆಡಿಸಿದ್ರ ಮೂರು ದಿನ ಬೈತಿದ್ಲು. ಇಲ್ಲಿ ಹಲಗಿ ಮ್ಯಾಲ ಇಟ್ಟು ಮೆರೆಸ್ತಾರ."

ಮೊಮ್ಮಗಳು ನಕ್ಕು ನಕ್ಕು ಸ್ಟೇರಿಂಗಿಗೆ ತಲೆಯಿಟ್ಟಳು.

ಆ ಗಾಡಿಯ ಬಗ್ಗೆ ಒಂದೆರಡು ಮಾತು ಹೇಳಬೇಕು. ನನಗೆ ಅದು ಬೋರ್ಡಿಂಗ್ ಸ್ಕೂಲಿನ ಡಾರ್ಮಿಟರಿಯನ್ನು ನೆನಪಿಸಿತು: ಗೋಡೆಗಂಟಿದ ಮಂಚ, ಎಲ್ಲದಕ್ಕೂ ಒಂದು ಕೊಕ್ಕೆ, ಎಲ್ಲದರ ಮೇಲೂ ಒಂದು ರೂಲ್. ಬಾಡಿಗೆಗೆ ಕೊಟ್ಟವರು ಒಲೆಯ ಮೇಲುಗಡೆ 'ನೋ ತಡಕಾ' ಅಂತ ಅಂಟಿಸಿದ್ದರು. ಅಕ್ಕ ಅದನ್ನು ಓದಲಿಲ್ಲ, ನಾನು ಓದಿಯೂ ಹೇಳಲಿಲ್ಲ. ಹುಣ್ಣಿಮೆಯ ಹಿಂದಿನ ಸಂಜೆ ಬದನೆಕಾಯಿಗೆ ಒಗ್ಗರಣೆ ಹಾಕಿದ್ದೇ ತಡ, ತಲೆಯ ಮೇಲಿನ ಹೊಗೆಯ ಅಲಾರಂ ಕಿರುಚಿತು. ಅಕ್ಕ ಸೌಟು ಹಿಡಿದು ಅದರತ್ತ ನೋಡಿ, "ಇದಕ್ಕೂ ಹಸಿವಾತೇನ?" ಅಂದರು.

ಎಳ್ಳು ಹಚ್ಚಿದ ಕಟಿ ಸಜ್ಜಿರೊಟ್ಟಿಯನ್ನು ಅವರು ಮನೆಯಲ್ಲೇ ತಟ್ಟಿ ಒಣಗಿಸಿ ಸ್ಟೀಲಿನ ಡಬ್ಬಿಯಲ್ಲಿ ತಂದಿದ್ದರು. ಉಳಿದದ್ದೆಲ್ಲ ಆ ಗೂಡಿನಂಥ ಅಡಿಗೆಮನೆಯಲ್ಲಾಯಿತು. ಸ್ವಲ್ಪ ಹೊತ್ತು ನಿಲ್ಲುವರು, ಸ್ವಲ್ಪ ಹೊತ್ತು ಬರ್ತಿನ ಮೇಲೆ ಕೂತು ಉಸಿರು ತೆಗೆದುಕೊಳ್ಳುವರು. ನಾನು ಕಡುಬಿಗೆ ಹೂರಣ ತುಂಬಿದೆ. "ಇಂಗ್ಲಿಷ್ ಬಾಯಿ, ಅದು ಲಕೋಟಿ ಅಲ್ಲ, ಹಂಗ ಅಂಟಿಸಬ್ಯಾಡ," ಅಂತ ನಡುನಡುವೆ ಕೂತಲ್ಲಿಂದಲೇ ದನಿ ಬರುತ್ತಿತ್ತು.

ನಿಫಾಡದ ತೋಟದ ಮಾಲೀಕ ನಲವತ್ತರ ಆಸುಪಾಸಿನವನು, ಆ ಸಂಜೆ ಗಾಡಿ ನಿಲ್ಲಿಸಲು ಜಾಗ ತೋರಿಸಿ, ಕುಡಿಯುವ ನೀರಿನ ನಲ್ಲಿ ತೋರಿಸಿ, ಅವಸರದಲ್ಲಿ ಹೋಗಿದ್ದ. ಅದು ಅವರಿಗೆ ಛಾಟಣಿಯ ಸಮಯ, ಬಳ್ಳಿ ಕತ್ತರಿಸುವ ಕಾಲ. ಕತ್ತರಿಸಿದ ಕಡ್ಡಿಗಳಿಗೆ ಮರುದಿನವೇ ಚಿಗುರಿನ ಪೇಸ್ಟ್ ಅಂತ ಒಂದು ಔಷಧಿ ಹಚ್ಚಬೇಕು, ತಡವಾದರೆ ಮೊಗ್ಗು ಒಂದೇ ಸಮ ಒಡೆಯುವುದಿಲ್ಲವಂತೆ. ಹೋದ ವರ್ಷ ಹೂ ಬಿಡುವ ಹೊತ್ತಿಗೆ ಮಳೆ ಹೊಡೆದು ಅರ್ಧ ಬೆಳೆ ಹೋಗಿತ್ತು ಅಂತಲೂ ಹೇಳಿದ. ಮಾತಾಡುವಾಗ ಅವನ ಕಣ್ಣು ನಮ್ಮ ಮೇಲಿರಲಿಲ್ಲ, ಮೋಡದ ಮೇಲಿತ್ತು.

"ನಾಳೆ ಬೆಳಗ್ಗೆ ಪಿಕ್ನಿಕ್ ಅಲ್ಲವೆ? ಕರಾ, ಕರಾ, ಮಾಡಿ," ಅಂತ ಮೊಮ್ಮಗಳಿಗೆ ಅಂದದ್ದು ನನಗೆ ಕೇಳಿಸಿತು. ಬಂದವರೆಲ್ಲ ಪಿಕ್ನಿಕ್ ಮಾಡುತ್ತಾರೆ, ಅದನ್ನೇ ಹೇಳುತ್ತಿರಬೇಕು ಅಂದುಕೊಂಡೆ.

ಬೆಳಗ್ಗೆ ಅಕ್ಕ ಇಳಕಲ್ ಸೀರೆ ಉಟ್ಟರು. ಐದು ಸಣ್ಣ ಕಲ್ಲು ಆರಿಸಿ ಒಂದು ಬಳ್ಳಿಯ ಬುಡದಲ್ಲಿಟ್ಟು, ಸುಣ್ಣವಿರಲಿಲ್ಲವಾದ್ದರಿಂದ ವಿಭೂತಿ ಬಳಿದು, ಅರಿಶಿನ ಕುಂಕುಮ ಏರಿಸಿದರು. ನಮ್ಮ ಕಡೆ ಅವು ಪಾಂಡವರು. ಎಡೆ ಹಿಡಿದರು. ಆಮೇಲೆ ಅನ್ನ, ಕಡುಬು, ಹೋಳಿಗೆ, ಪಲ್ಯ ಎಲ್ಲ ಬೋಗುಣಿಯಲ್ಲಿ ಕಲಸಿ, ಚಪ್ಪಲಿ ಬಿಟ್ಟು ಸಾಲಿನೊಳಗೆ ಹೊರಟರು.

"ಹುಲ್ಲುಲ್ಲಿಗೋ," ಅಂದರು. ದನಿಗೆ ಉಸಿರು ಸಾಲದೆ ಕೊನೆಯ ಅಕ್ಷರ ಒಳಗೇ ಉಳಿಯಿತು.

ತಂಬಿಗೆ ನನ್ನ ಕೈಯಲ್ಲಿತ್ತು. ಅವರ ಜೊತೆ ನಾನೂ ಎಷ್ಟು ಸಲ ಈ ಹಬ್ಬಕ್ಕೆ ಊರಿಗೆ ಹೋಗಿದ್ದೇನೋ, ಪ್ರತಿಸಲವೂ ನಾನು ಬಂಡಿಯ ನೆರಳಿನಲ್ಲಿ ಕೂತು ನೋಡಿದವಳೇ ಹೊರತು ಕೂಗಿದವಳಲ್ಲ. ಕಾನ್ವೆಂಟಿನಲ್ಲಿ ನಮಗೆ ಕಲಿಸಿದ ಮೊದಲ ಪಾಠವೇ ಯಂಗ್ ಲೇಡೀಸ್ ಡೋಂಟ್ ಶೌಟ್. ತುಟಿಯಲ್ಲೇ "ಚಲ್ಲಂಬ್ರಿಗೋ" ಅಂದೆ.

ಅಕ್ಕ ತಿರುಗಿ ನೋಡದೆ, "ಇದೇನ ಚರ್ಚಿನಾಗ ಆಮೆನ್ ಅಂದಂಗ ಅಂದಿ?" ಅಂದರು.

ಒಂದು ಸಾಲು ಮುಗಿಯಿತು. ಎರಡನೆಯ ಸಾಲಿನ ನಡುವೆ ಇದ್ದಾಗ, ಏನೋ ಬದಲಾಗಿದೆ ಅನ್ನಿಸಿತು. ಕತ್ತರಿಗಳ ಸದ್ದು ನಿಂತಿತ್ತು. ಹೆಂಗಸರೆಲ್ಲ ಕೈ ಇಳಿಸಿ ನಮ್ಮನ್ನೇ ನೋಡುತ್ತಿದ್ದರು. ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಅಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: "ಕರಣಿ." ಕರಣಿ ಅಂದರೆ ಮಾಟ.

ಮಾಲೀಕ ಓಡುತ್ತ ಬಂದ. ಕಲ್ಲಿಗೆ ಹಚ್ಚಿದ ಕುಂಕುಮ ನೋಡಿದ, ಬುಡಬುಡದಲ್ಲಿ ಬಿದ್ದ ಅನ್ನ ನೋಡಿದ. ಅವನ ಮುಖ ಬಿಳಿಚಿತ್ತು. ಸಿಟ್ಟಲ್ಲ, ಭಯ. ಮೊಮ್ಮಗಳತ್ತ ತಿರುಗಿ ಮರಾಠಿಯಲ್ಲಿ ಕೇಳಿದ:

"ತಾಯಿ, ನೀವು ಪಿಕ್ನಿಕ್ ಅಂದಿರಿ. ಇದೇನು ಇದು? ನನ್ನ ತೋಟದಲ್ಲಿ ಇದನ್ನ ಯಾಕೆ ಮಾಡುತ್ತಿದ್ದೀರಿ? ಯಾರು ಕಳಿಸಿದ್ದು ನಿಮ್ಮನ್ನ?"

ಮೊಮ್ಮಗಳು ನಮ್ಮನ್ನು ನೋಡಿದಳು, ಅವನನ್ನು ನೋಡಿದಳು. ಅವಳಿಗೆ ಚರಗ ಅಂದರೆ ನಾವು ಮನೆಯಲ್ಲಿ ಹೇಳುತ್ತಿದ್ದ ಕಥೆ: ಎಲ್ಲರೂ ಹೊಲಕ್ಕೆ ಹೋಗೋದು, ಬುತ್ತಿ ಬಿಚ್ಚೋದು, ಉಣ್ಣೋದು. ಅವಳು ನೋಡಿದ್ದೇ ಇಲ್ಲ. ಫೋನಿನಲ್ಲಿ ಅದನ್ನು ಪಿಕ್ನಿಕ್ ಅಂತ ಹೇಳಿದ್ದಳು. ಅವಳ ಪ್ರಕಾರ ಅದು ಸುಳ್ಳೂ ಅಲ್ಲ.

ನಾನು ಮುಂದೆ ಬಂದೆ. "ಪ್ಲೀಸ್, ಮೇ ಐ ಎಕ್ಸ್‌ಪ್ಲೇನ್," ಅಂತ ಶುರುಮಾಡಿ, ನನ್ನ ಪೇಪರಿನ ಮರಾಠಿಯಲ್ಲಿ 'ಕೃಷಿ ಸಂಸ್ಕೃತಿ' ಅಂತ ಏನೋ ಅಂದೆ. ಅವನು ಕೇಳಿಸಿಕೊಳ್ಳಲಿಲ್ಲ.

"ಎಲ್ಲ ಎತ್ತಿರಿ," ಅಂದ. "ಒಂದು ಅಗುಳೂ ಇಲ್ಲಿ ಇರಬಾರದು. ದಯವಿಟ್ಟು."

"ಅಕ್ಕಾ, ನೀವು ಕೂಡ್ರಿ, ನಾ ಎತ್ತತೀನಿ," ಅಂದೆ.

"ಸುಮ್ನಿರ. ಚೆಲ್ಲಿದಾಕಿ ನಾನು." ಅಕ್ಕ ಬೋಗುಣಿ ನೆಲಕ್ಕಿಟ್ಟರು. "ಅವನ ಹೊಲ. ಅವನು ಒಲ್ಲೆ ಅಂದ ಮ್ಯಾಲ ಮುಗೀತು."

ಬಾವು ಬಂದ ಕಾಲು ಮಡಚಿ ಕೂತು ಮಣ್ಣಿನಿಂದ ಅನ್ನ ಆರಿಸತೊಡಗಿದರು. ಒಂದೊಂದೇ ಅಗುಳು ಸೆರಗಿಗೆ ಹಾಕಿಕೊಂಡರು. ಮೊಮ್ಮಗಳು ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತು ತಾನೂ ಆರಿಸುತ್ತ, "ಸಾರಿ ದೊಡ್ಡಜ್ಜಿ, ಮಾಝೀ ಚೂಕ್, ನಂದೇ ತಪ್ಪು," ಅನ್ನುತ್ತಿದ್ದಳು.

"ಅಳಬ್ಯಾಡ," ಅಂದರು ಅಕ್ಕ. "ಬಸುರಿ ತಾಟಿನ ಮುಂದ ಕುಂತು ಅಳಬಾರದು."

ಆಗ ಮನೆಯ ಕಡೆಯಿಂದ ಮಾಲೀಕನ ತಾಯಿ ಬಂದರು. ಅಕ್ಕನಷ್ಟೇ ವಯಸ್ಸು, ನಮ್ಮಿಬ್ಬರಿಗಿಂತ ಗಟ್ಟಿ, ಕೈಗೆ ಹಿಟ್ಟು ಮೆತ್ತಿಕೊಂಡಿತ್ತು. ಮಗ ಹೇಳಿದ್ದನ್ನು ಕೇಳಿ, ನೆಲದ ಮೇಲೆ ಕೂತ ಅಕ್ಕನ ಎದುರಿಗೆ ತಾವೂ ಕೂತರು. ಸೆರಗಿನಲ್ಲಿದ್ದ ಅನ್ನ ನೋಡಿದರು. ಕಡುಬಿನ ಚೂರೊಂದನ್ನು ಎತ್ತಿ ಮೂಸಿದರು.

"ಹೆ ಕಾಯ್ ಬಾಯಿ?" ಅಂತ ಕೇಳಿದರು. ಇದೇನಮ್ಮ?

ಅಕ್ಕ ತಮ್ಮ ಅಂಗಡಿ ಮರಾಠಿಯಲ್ಲಿ ಪದ ಹುಡುಕಿದರು. ಪೈಪು, ವಾಶರ್ ದಾಟಿ ಅಲ್ಲಿ ಏನೂ ಸಿಗಲಿಲ್ಲ. ಕೊನೆಗೆ ಹೊಟ್ಟೆಯ ಮೇಲೆ ಕೈಯಿಟ್ಟು ಉಬ್ಬಿದಂತೆ ತೋರಿಸಿ, ಆ ಕೈಯನ್ನು ಮಣ್ಣಿನ ಮೇಲಿಟ್ಟು, "ಡೋಹಾಳೆ ಜೇವಣ್," ಅಂದರು.

ಅದು ಮರಾಠಿ ಮನೆಗಳಲ್ಲಿ ಬಸುರಿಗೆ ಮಾಡುವ ಬಯಕೆಯ ಊಟ. ಆಚೆ ಬಿಲ್ಡಿಂಗಿನ ಸೊಸೆಯರ ಎಷ್ಟೋ ಊಟಕ್ಕೆ ಅಕ್ಕ ಹೋಗಿ ಬಂದಿದ್ದರು, ಅಂಗಡಿಯ ಮರಾಠಿಗೆ ಸೇರದ ಆ ಒಂದು ಮಾತು ಅವರಲ್ಲಿತ್ತು.

ಆ ತಾಯಿ ಮಣ್ಣು ನೋಡಿದರು. ಬಳ್ಳಿ ನೋಡಿದರು. ಅವರ ಮುಖದಲ್ಲಿ ಸಂಶಯ ಹೋಗಿ ಕನಿಕರ ಬಂತು. "ಆದರೆ ಇವಳ ಹೊಟ್ಟೆಯಲ್ಲಿ ಏನಿದೆ? ಈಗಷ್ಟೇ ಕತ್ತರಿಸಿದ್ದೇವೆ," ಅಂದರು.

ಅಕ್ಕ ತಲೆಯೆತ್ತಿ ಆ ಕಡ್ಡಿಗಳನ್ನು ನೋಡಿದರು. ನಮ್ಮೂರಲ್ಲಿ ಈ ಹೊತ್ತಿಗೆ ಸಜ್ಜೆ ಆಳೆತ್ತರ ನಿಂತು ತಲೆದೂಗುತ್ತಿರುತ್ತದೆ. ಇಲ್ಲಿ ಬಗ್ಗಿ ಮುಟ್ಟಲು ಒಂದು ಎಲೆಯೂ ಇಲ್ಲ. ಅವರ ಮುಖ ಇಳಿಯಿತು. ಬೈಸಿಕೊಂಡಾಗ ಇಳಿಯದ್ದು ಆಗ ಇಳಿಯಿತು. "ಖರೇ ಐತಿ," ಅಂತ ಕನ್ನಡದಲ್ಲಿ ನನಗೆ ಅಂದರು. "ಯಾರೂ ಇಲ್ಲದ ಮನಿಗೆ ಬಯಕಿ ಊಟ ತಂದೆ ನೋಡ ನಾನು."

ಆ ತಾಯಿಯ ಪ್ರಶ್ನೆಗೆ ಉತ್ತರ ಕೊಟ್ಟವನು ಮಗ.

"ಆಹೆ," ಅಂದ. ಇದೆ.

ಅವನು ಇನ್ನೂ ದೂರವೇ ನಿಂತಿದ್ದ. ಮೊಮ್ಮಗಳಿಗೆ ಹೇಳುವವನಂತೆ, ಅರ್ಧ ತನಗೇ ಹೇಳಿಕೊಳ್ಳುವವನಂತೆ ಹೇಳಿದ: ಬೇಸಿಗೆಯಲ್ಲಿ ಒಮ್ಮೆ ಕತ್ತರಿಸುತ್ತೇವೆ, ಆಗಲೇ ಕಡ್ಡಿಯ ಕಣ್ಣಿನೊಳಗೆ, ಅಂದರೆ ಮೊಗ್ಗಿನೊಳಗೆ, ಗೊಂಚಲು ಕಟ್ಟಿಕೊಂಡಿರುತ್ತದೆ. ಹೊರಗೆ ಕಾಣುವುದಿಲ್ಲ. ಈ ಛಾಟಣಿಗೆ ಮೊದಲು ಕೆಲವು ಕಡ್ಡಿ ಕೊಯ್ದು ಲ್ಯಾಬಿಗೆ ಒಯ್ಯುತ್ತೇವೆ. ಅವರು ಕಣ್ಣನ್ನು ಸೀಳಿ ಮೈಕ್ರೋಸ್ಕೋಪಿನಲ್ಲಿ ನೋಡಿ ಹೇಳುತ್ತಾರೆ, ಎಷ್ಟನೆಯ ಕಣ್ಣಿನಲ್ಲಿ ಗೊಂಚಲಿದೆ, ಎಲ್ಲಿಗೆ ಕತ್ತರಿಸಬೇಕು ಅಂತ. ಈ ಪ್ಲಾಟಿನಲ್ಲಿ ಇದೆ. ಚೆನ್ನಾಗಿಯೇ ಇದೆ.

ಅವನ ತಾಯಿ ಎದ್ದರು. "ಅಂದರೆ ನೀನು ಮಶೀನಿನಲ್ಲಿ ಇಣುಕಿ ನೋಡಿ ಬಂದೆ. ಈ ಬಾಯಿ ಊಟ ತಂದಳು. ಅವಳು ಮಾಡಿದ್ದರಲ್ಲಿ ತಪ್ಪೇನೋ?"

ಕೆಲಸದ ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಅವನು ಕುತ್ತಿಗೆ ಕೆರೆದುಕೊಂಡ. ಸ್ವಲ್ಪ ಹೊತ್ತು ಕುಂಕುಮದ ಕಲ್ಲುಗಳನ್ನೇ ನೋಡಿದ. ಆಮೇಲೆ ಅಕ್ಕನ ಬರಿಗಾಲು ನೋಡಿದ.

"ಮೊದಲು ಚಪ್ಪಲಿ ಹಾಕಿಕೊಳ್ಳಿ ಮಾವಶಿ," ಅಂದ. "ನಿನ್ನೆ ಇಲ್ಲಿ ಪೇಸ್ಟ್ ಹಚ್ಚಿದ್ದೇವೆ, ಚರ್ಮ ಸುಡುತ್ತದೆ. ಆಮೇಲೆ ಮಾಡಿಕೊಳ್ಳಿ."

ಮಾವಶಿ ಅಂದರೆ ಚಿಕ್ಕಮ್ಮ, ದೊಡ್ಡಮ್ಮ. ಅಕ್ಕನಿಗೆ ಬೇಕಾಗಿದ್ದ ಹೂಂ ಅದೇ ಆಗಿತ್ತು.

ಆದರೆ ಅವರು ತಕ್ಷಣ ಏಳಲಿಲ್ಲ. ಸೆರಗಿನಲ್ಲಿದ್ದ ಮಣ್ಣಾದ ಅನ್ನ ತೋರಿಸಿ, ಆ ತಾಯಿಯನ್ನು ಕೈಸನ್ನೆಯಿಂದಲೇ ಕೇಳಿದರು: ಬಾಯಿಂದ ತೆಗೆದ ತುತ್ತನ್ನು ಮತ್ತೆ ಇಡಬಹುದೆ? ಇಬ್ಬರು ಮುದುಕಿಯರು ಅದನ್ನು ಬಹಳ ಸೀರಿಯಸ್ ಆಗಿ ವಿಚಾರ ಮಾಡಿದರು. ಆ ತಾಯಿ ಮನೆಯೊಳಗೆ ಹೋಗಿ ಬಿಸಿ ಭಾಕರಿ ರೊಟ್ಟಿಯನ್ನೂ ಒಂದು ಚಿಟಿಕೆ ಠೇಚಾ, ಕುಟ್ಟಿದ ಮೆಣಸಿನಕಾಯಿ ಚಟ್ನಿಯನ್ನೂ ತಂದು, ಬೋಗುಣಿಯಲ್ಲಿ ಉಳಿದಿದ್ದರ ಮೇಲೆ ಮುರಿದು ಹಾಕಿದರು. ಸೆರಗಿನದ್ದು ಕೋಳಿಗಳಿಗೆ ಹೋಯಿತು.

"ಖಾರ ಹಾಕ್ಯಾಳ," ಅಂದರು ಅಕ್ಕ ನನಗೆ, ಮೆಲ್ಲಗೆ. "ಇರಲಿ. ಬಯಕಿಯಾಗ ಖಾರ ಬೇಡತಾರ."

ಅಕ್ಕ, ಅವರ ಹಿಂದೆ ಆ ತಾಯಿ, ಅವರ ಹಿಂದೆ ತಂಬಿಗೆ ಹಿಡಿದ ನಾನು. ಅಕ್ಕ ಈ ಸಲ ಉಸಿರು ಕೂಡಿಸಿಕೊಂಡು "ಹುಲ್ಲುಲ್ಲಿಗೋ" ಅಂದರು. ನನ್ನ ದನಿ ಎಲ್ಲಿಂದ ಬಂತೋ ಗೊತ್ತಿಲ್ಲ. ಕೆಲಸದ ಹೆಂಗಸರು ತಿರುಗಿ ನೋಡುವಷ್ಟು ಜೋರಾಗಿ ಬಂತು. ಮೂರನೆಯ ಸಾಲಿಗೆ ಅವರಲ್ಲಿ ಇಬ್ಬರು "ಚಲ್ಲಂಬ್ರಿಗೋ" ಅಂತ ನನ್ನ ಜೊತೆ ಕೂಗುತ್ತಿದ್ದರು, ಅರ್ಥ ಕೇಳದೆ. ಕೇಳಿದ್ದರೂ ನನಗೆ ಹೇಳಲು ಬರುತ್ತಿರಲಿಲ್ಲ. ಸಾಲಿನ ಕೊನೆಗೆ ಅಕ್ಕ ಒಂದು ಕಂಬ ಹಿಡಿದು ನಿಂತರು. ಮುಖ ಬೆವತಿತ್ತು. ಹಿಂದೆ ಕತ್ತರಿಗಳು ಮತ್ತೆ ಶುರುವಾದವು.

ಸಂಜೆ ಚಂದ್ರ ಏರುವಾಗ ಆ ಮಗ ಕೇಸರಿ ಹಾಕಿದ ಕೋಜಾಗಿರಿಯ ಹಾಲಿನ ಪಾತ್ರೆ ತಂದು ಗಾಡಿಯ ಮೆಟ್ಟಿಲ ಮೇಲಿಟ್ಟ. ಒಳಗೆ ಬರಲಿಲ್ಲ. ಬೆಳಗಿನ ವಿಷಯ ಎತ್ತಲೂ ಇಲ್ಲ. "ಮಾವಶಿಯವರ ಕಾಲು ಉರಿಯುತ್ತಿದೆಯೆ?" ಅಂತ ಮಾತ್ರ ಕೇಳಿದ. ಮೊಮ್ಮಗಳು ಅವನ ಒಣದ್ರಾಕ್ಷಿಯನ್ನು ತನ್ನ ಡಬ್ಬಿಗೆ ತೆಗೆದುಕೊಳ್ಳುವ ಮಾತಾಡಿದಳು. ಆಮೇಲೆ ನನ್ನ ಪಕ್ಕ ಕೂತು, "ಅಜ್ಜಿ, ಚರಗಕ್ಕೆ ಇಂಗ್ಲಿಷ್‌ನಾಗ ಏನಂತಾರ?" ಅಂದಳು. ನಾನು ಕಾನ್ವೆಂಟಿನಲ್ಲಿ ಕಲಿತ ಅಷ್ಟೂ ಇಂಗ್ಲಿಷನ್ನು ತಡಕಾಡಿದೆ. "ನಥಿಂಗ್, ಮೈ ಡಿಯರ್," ಅಂದೆ. "ಚರಗಾನೇ ಅನ್ನು."

ಅಲ್ಲಿಂದ ಸಂಭಾಜಿನಗರದ ದಾರಿಯಲ್ಲಿ ಇನ್ನೂ ಕೆಲವು ಕಡೆ ನಿಂತೆವು. ರಸ್ತೆಯ ಅಂಚಿಗೆ ಮೆಕ್ಕೆಜೋಳ ಹರವಿದ್ದರು. ಉಳ್ಳಾಗಡ್ಡಿಯ ಉದ್ದನೆಯ ಜಾಲರಿ ಗುಡಿಸಲುಗಳ ಮುಂದೆ ಹೆಂಗಸರು ಕೊಳೆತದ್ದನ್ನು ಬೇರೆ ಮಾಡುತ್ತಿದ್ದರು. ಒಂದು ಕಡೆ ಸೀತಾಫಲದ ತಿರುಳು ತೆಗೆದು ಹೆಪ್ಪುಗಟ್ಟಿಸುವ ಮನೆಯವರು ನಮಗೆ ಬಟ್ಟಲು ತುಂಬ ಕೊಟ್ಟರು. ಅಕ್ಕ ಬೀಜ ಉಗುಳಲು ಸೆರಗು ಮರೆಮಾಡಿಕೊಂಡು, ತಿರುಳಿಗೆ ಬೀಜವೇ ಇಲ್ಲದ್ದು ಕಂಡು ನಿರಾಶರಾಗಿ, "ಇದ್ಯಾತರ ಸೀತಾಫಲ, ಬಾಯಿಗಿ ಕೆಲಸಾನ ಇಲ್ಲ," ಅಂದರು. ಆ ದಿನಗಳಲ್ಲಿ ಅವರು ಹೆಚ್ಚಾಗಿ ಮಲಗಿಕೊಂಡೇ ಇದ್ದರು. ಆದರೆ ಕಿಟಕಿಯ ಕಡೆ ತಲೆಯಿಟ್ಟು ಮಲಗುತ್ತಿದ್ದರು, ಹೊಲ ಕಾಣುವ ಕಡೆ.

ಮಗಳ ಸೊಸೈಟಿಯ ಗೇಟಿನಲ್ಲಿ ಕಬ್ಬಿಣದ ಅಡ್ಡಪಟ್ಟಿ ಇತ್ತು. ನಮ್ಮ ಗಾಡಿ ಎತ್ತರ. ವಾಚ್‌ಮನ್ ಒಳಗೆ ಬಿಡಲಿಲ್ಲ. ಬೀಳ್ಕೊಡುವುದೆಲ್ಲ ರಸ್ತೆಯ ಮೇಲೆಯೇ ಆಯಿತು. ಹಿಂದೆ ಹಾರ್ನ್ ಹೊಡೆಯುವ ರಿಕ್ಷಾಗಳು, ಮಗಳೂ ಅಳಿಯನೂ ಸೂಟ್‌ಕೇಸು ಎಳೆಯುತ್ತಿದ್ದರು. ಏನು ಮಾತಾಡಬೇಕೋ ಅದನ್ನು ಮಾತಾಡಲು ಜಾಗವೇ ಇರಲಿಲ್ಲ. ಅಕ್ಕ ರೊಟ್ಟಿಯ ಸ್ಟೀಲ್ ಡಬ್ಬಿಯೊಂದನ್ನು ಮಾತ್ರ ಯಾರ ಕೈಗೂ ಕೊಡದೆ ತಾವೇ ಹಿಡಿದು, ಪಟ್ಟಿಯ ಕೆಳಗೆ ತಲೆ ತಗ್ಗಿಸಿ ಒಳಗೆ ನಡೆದರು. ತಗ್ಗಿಸುವ ಅಗತ್ಯವೇ ಇರಲಿಲ್ಲ, ಪಟ್ಟಿ ಅವರಿಗಿಂತ ಎಷ್ಟೋ ಮೇಲಿತ್ತು.

ಒಳಗೆಲ್ಲ ಸಿಮೆಂಟಿನ ಚೌಕಗಳು. ಲಿಫ್ಟಿನ ಹತ್ತಿರ ಒಂದು ಬೇವಿನ ಗಿಡ, ಅದರ ಬುಡಕ್ಕೆ ಒಂದು ತಟ್ಟೆಯಷ್ಟು ಮಣ್ಣು. ಅಕ್ಕ ಅಲ್ಲಿ ನಿಂತು ಡಬ್ಬಿ ತೆಗೆದರು. ತಳದಲ್ಲಿ ಉಳಿದ ಸಜ್ಜಿರೊಟ್ಟಿಯ ಚೂರನ್ನು ಕೈಯಲ್ಲಿ ಪುಡಿಮಾಡಿ ಆ ಮಣ್ಣಿಗೆ ಹಾಕಿದರು. ಕೂಗಲಿಲ್ಲ. ಕೂಗುವಷ್ಟು ಉಸಿರು ಇರಲಿಲ್ಲವೋ, ಅಳಿಯನ ಸಂಕೋಚವೋ.

ನಾನು ಗಾಡಿಯಲ್ಲಿದ್ದ ನೀರಿನ ಬಾಟಲಿ ಹಿಡಿದು ಇಳಿದೆ. ನನ್ನ ಮೊಣಕಾಲಿಗೆ ಆ ಮೆಟ್ಟಿಲು ಎತ್ತರ, ಮೊಮ್ಮಗಳು ಕೈಹಿಡಿದಳು. ಪಟ್ಟಿಯ ಕೆಳಗೆ ಹೋಗಿ ಗಿಡದ ಬುಡಕ್ಕೆ ನೀರು ಚಿಮುಕಿಸಿದೆ. "ಚಲ್ಲ್..." ಅನ್ನುವುದರೊಳಗೆ ಅಕ್ಕ ಕೈ ಅಡ್ಡ ಮಾಡಿದರು.

"ಸಾಕ್ ಸಾಕ್. ಗಾಡಿ ರೋಡಿಗಿ ಅಡ್ಡ ನಿಂತೈತಿ. ಹೋಗ್ರಿ ನೀವಿನ್ನ."

ಲಿಫ್ಟ್ ಬಂದಿತ್ತು. ಮಗಳು ಬಾಗಿಲಿಗೆ ಕೈಯಿಟ್ಟು ಹಿಡಿದಿದ್ದಳು. ಅಕ್ಕ ಒಳಗೆ ಹೋಗಿ, ಡಬ್ಬಿಯನ್ನು ಕಂಕುಳಲ್ಲಿಟ್ಟು, ಈ ಕಡೆ ತಿರುಗಿ ನಿಂತರು. ಬಾಗಿಲು ಮುಚ್ಚುವಾಗ ಅವರು ನನ್ನನ್ನು ನೋಡುತ್ತಿರಲಿಲ್ಲ; ಬೆರಳಿಗಂಟಿದ ಎಳ್ಳನ್ನು ಸೆರಗಿನಿಂದ ಒರೆಸಿಕೊಳ್ಳುತ್ತಿದ್ದರು.